ಜರಡಿ ಹುಡುಕುವ ಹೊತ್ತು

‘ಸೆಕ್ಲೂಡೆಡ್’ ಎಂಬ ಒಂದೇ ಒಂದು ಇಂಗ್ಲಿಷ್ ಪದಕ್ಕೆ ನಾನು ಎಂಟುನೂರು ರೂಪಾಯಿ ಕೊಟ್ಟಿದ್ದೇನೆ. ಕಲಿಸುವ ಟೀಚರು ಮೊದಲು ಹೇಳಿದ ರೇಟು ಹದಿನೈದು ನೂರು. ಎಂಟುನೂರಕ್ಕೆ ಇಳಿಸಿದವನು ನಾನು. ಆದರೂ ದುಬಾರಿಯಾಯಿತು ಅಂತಲೇ ಇವತ್ತಿಗೂ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ ಕೇಳಿ, ನಿಮಗಾದರೂ ಸ್ವಲ್ಪ ಅಗ್ಗಕ್ಕೆ ಬೀಳಲಿ.

ಧಾರಾವಿಯಲ್ಲಿ ನನ್ನದೊಂದು ಅಂಗಡಿ. ಬ್ಯಾಗು ಹೊಲಿಯುವವರಿಗೆ ಬೇಕಾಗುವ ಝಿಪ್ಪು, ಬಕ್ಕಲ್ಲು, ಪಟ್ಟಿ ಮಾರುತ್ತೇನೆ. ಮುಂಚೆ ಗಿರಾಕಿ ಎದುರಿಗೆ ಬಂದು ನಿಲ್ಲುತ್ತಿದ್ದ. ಅವನು ಮಾಲು ಮುಟ್ಟುವ ರೀತಿ ನೋಡಿದರೆ ಸಾಕು, ಎಷ್ಟಕ್ಕೆ ಬಗ್ಗುತ್ತಾನೆ ಅಂತ ತಿಳಿಯುತ್ತಿತ್ತು. ಈಗ ಎಲ್ಲ ಮೊಬೈಲಿನಲ್ಲಿ, ಅದೂ ಇಂಗ್ಲಿಷಿನಲ್ಲಿ. ‘ಕೈಂಡ್ಲಿ’ ಅಂತ ಶುರುಮಾಡಿ ‘ಅರ್ಜೆಂಟ್’ ಅಂತ ಮುಗಿಸುತ್ತಾರೆ, ನಡುವೆ ಏನು ಬರೆದಿರುತ್ತಾರೋ ದೇವರಿಗೇ ಗೊತ್ತು. ಓದಿ ಹೇಳಲು ಕ್ಲಾರ್ಕನ್ನು ಇಟ್ಟುಕೊಂಡರೆ ತಿಂಗಳು ತಿಂಗಳೂ ಸಂಬಳ. ಹೆಂಡತಿಗೆ ಕಲಿಸಿಬಿಟ್ಟರೆ ಒಂದೇ ಸಲದ ಖರ್ಚು. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸಿನಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಹೆಂಗಸರ ಇಂಗ್ಲಿಷ್ ಕ್ಲಾಸು ನಡೆಯುತ್ತದೆ. ಕಲಿಸುವವರು ಎರಡನೇ ಮಹಡಿಯ ಡಿಸೋಜಾ ಟೀಚರ್, ಶಾಲೆಯಿಂದ ರಿಟೈರಾದವರು. ಅವರ ಹತ್ತಿರ ಹೋಗಿ ನನ್ನ ಹಿಂದಿಯಲ್ಲಿ ವ್ಯವಹಾರ ಇಟ್ಟೆ. ಪೂರ್ತಿ ಭಾಷೆ ಬೇಡ, ಧಂಧೆಗೆ ಬೇಕಾದಷ್ಟು ಸಾಕು, ರೇಟು, ಸೈಜು, ಡಿಲಿವರಿ. ಅರ್ಧ ಭಾಷೆಗೆ ಅರ್ಧ ಫೀಸು ಹಚ್ಚಿ ಅಂದೆ.

“ಶೇಟ್, ಲ್ಯಾಂಗ್ವೇಜ್ ಕಾ ಕಟ್‌ಪೀಸ್ ನಹೀ ಮಿಲ್ತಾ,” ಅಂದರು ಟೀಚರ್, ಭಾಷೆಯನ್ನು ತುಂಡು ಮಾಡಿ ಮಾರುವುದಿಲ್ಲ ಅನ್ನುವ ಹಾಗೆ.

ನಾನು ಹೋಗಲಿಲ್ಲ. ನಿಂತೇ ಇದ್ದೆ. ಕ್ಲಾಸಿಗೆ ಹೆಂಗಸರು ಬಂದರು, ಕುರ್ಚಿ ಎಳೆದುಕೊಂಡರು, ಟೀಚರು ಬೋರ್ಡು ಒರೆಸಿದರು, ನಾನು ಹಲ್ಲುಕಿಸಿದು ನಿಂತೇ ಇದ್ದೆ. ಕೊನೆಗೆ ನನ್ನನ್ನು ಬಾಗಿಲಿಂದ ಸರಿಸುವುದಕ್ಕಾಗಿ ಎಂಟುನೂರಕ್ಕೆ ಒಪ್ಪಿದರು. ಇದನ್ನು ನೀವೂ ನೆನಪಿಟ್ಟುಕೊಳ್ಳಿ: ಚೌಕಾಶಿ ಮಾಡುವುದು ಎದುರಿನವರಿಗೆ ಬೇರೆ ಕೆಲಸ ಇರುವ ಹೊತ್ತಿನಲ್ಲಿ.

ನನ್ನ ಹೆಂಡತಿ ಮಾದೇವಿ ಇಂಡಿ ತಾಲೂಕಿನ ಹುಡುಗಿ, ಏಳನೇ ಇಯತ್ತೆ ಕಲಿತವಳು. ಎರಡು ತಿಂಗಳಲ್ಲಿ ‘ಸ್ಟಾಕ್ ಅವೈಲೇಬಲ್’ ಅಂತ ಗಿರಾಕಿಗಳಿಗೆ ಉತ್ತರ ಬರೆಯತೊಡಗಿದಳು. ನನ್ನ ದುಡ್ಡು ಬಂತು ಅಂದುಕೊಂಡೆ. ಅಷ್ಟರಲ್ಲಿ ಒಂದು ರವಿವಾರ ಟಿವಿಯ ರಿಮೋಟು ಹುಡುಕುವಾಗ ಸೋಫಾದ ಸಂದಿಯಲ್ಲಿ ಅವಳ ನೋಟುಬುಕ್ಕು ಸಿಕ್ಕಿತು.

ಹೊಸ ಪದವೊಂದನ್ನು ಕೊಟ್ಟು ಐದು ವಾಕ್ಯ ಬರೆಯಿರಿ ಅಂತ ಟೀಚರ್ ಹೋಂವರ್ಕ್ ಕೊಟ್ಟಿದ್ದರು. ಬಿಲ್ಲು, ಚಲನು ಓದುವಷ್ಟು ಇಂಗ್ಲಿಷು ನನಗೂ ಬರುತ್ತದೆ. ಬೆರಳಿಟ್ಟು ಓದಿದೆ. ನನ್ನದೊಂದು ಸೆಕ್ಲೂಡೆಡ್ ಜಾಗ ಇತ್ತು. ಅಲ್ಲಿಗೆ ರೈಲಿನ ಸಪ್ಪಳ ಕೇಳುತ್ತಿತ್ತು. ಅಲ್ಲಿಗೆ ಹೋಗಲು ನಾನು ಒಂದು ಸುಳ್ಳು ಹೇಳುತ್ತಿದ್ದೆ. ನನ್ನ ಗಂಡನಿಗೆ ಆ ಜಾಗ ಗೊತ್ತಿರಲಿಲ್ಲ. ಈಗ ಹೊಸದೊಂದು ಸಿಕ್ಕಿದೆ.

ಐದಕ್ಕೆ ಐದೂ ಸರಿ. ಕೆಂಪು ಶಾಯಿಯಲ್ಲಿ ಟೀಚರು ‘ಗುಡ್’ ಅಂತ ಬರೆದಿದ್ದರು.

ಆ ಒಂದು ಪದದ ಅರ್ಥ ಮಾತ್ರ ಗೊತ್ತಿರಲಿಲ್ಲ. ಮಗಳು ಸ್ನೇಹಾ ಅಂಧೇರಿಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ, ರವಿವಾರ ಹನ್ನೊಂದಕ್ಕೆ ಏಳುತ್ತಾಳೆ. ಅವಳಿನ್ನೂ ಹಾಸಿಗೆಯಲ್ಲಿದ್ದಾಗಲೇ ಕೇಳಿದೆ.

“ಸೆಕ್ಲೂಡೆಡ್ ಮತ್ಲಬ್… ಪಪ್ಪಾ, ಐಸೀ ಜಗಾ, ಅಲ್ಲಿ ಯಾರೂ ಬರೂದಿಲ್ಲ. ಶಾಂತ್ ಇರ್ತದ. ಅಲಗ್. ನಿಂದs ಇರ್ತದ.”

“ಅಂದ್ರ ಲೋನ್ಲಿ ಏನು?”

“ನಹೀ ಪಪ್ಪಾ! ಲೋನ್ಲಿ ಆದ್ಮಿ ಇರ್ತಾನ. ಸೆಕ್ಲೂಡೆಡ್ ಜಗಾ ಇರ್ತದ. ಯಾಕ, ಯಾವ ಗಿರಾಕಿ ಬರ್ದಾನ?”

“ಒಬ್ಬ ಹಳೇ ಗಿರಾಕಿ,” ಅಂದೆ.

ನಮ್ಮ ಧಂಧೆಯಲ್ಲಿ ಬ್ಯಾಗಿನ ಅಸ್ತರಿನ ಹಿಂದೆ ಹೊಲಿಯುವ ಗುಟ್ಟಿನ ಜೇಬಿಗೆ ಚೋರ್ ಜೇಬು ಅನ್ನುತ್ತಾರೆ. ಅದಕ್ಕೆ ಹಾಕುವ ಸಣ್ಣ ಝಿಪ್ಪನ್ನು ನಾನೇ ಮಾರುತ್ತೇನೆ. ಎಂಥ ಬ್ಯಾಗು ಕೊಟ್ಟರೂ ಒಂದು ಸಲ ಒಳಗೆ ಕೈಯಾಡಿಸಿ ಚೋರ್ ಜೇಬು ಎಲ್ಲಿದೆ ಅಂತ ಹೇಳುವವನು ನಾನು; ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯ ಬಳಿ ಅಂಥದೊಂದು ಇದ್ದದ್ದು ಮಾತ್ರ ಕೈಗೆ ಹತ್ತಲಿಲ್ಲ! ಬೇರೆ ಯಾರೋ ಇದ್ದಾರೆ ಅಂತ ಸಂಶಯಪಟ್ಟೆನೆಂದು ತಿಳಿಯಬೇಡಿ, ಅಷ್ಟು ಹುಚ್ಚನಲ್ಲ. ನನಗೆ ಹೊಟ್ಟೆಕಿಚ್ಚು ಆದದ್ದು ಆ ಜಾಗದ ಮೇಲೆ. ಆಮೇಲೆ ಡಿಸೋಜಾ ಟೀಚರ್ ಮೇಲೆ. ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಫೀಸು ಕೊಟ್ಟವನು ಮಾತ್ರ ನಾನು.

ಎಲ್ಲಿಯ ಜಾಗ? ಇಪ್ಪತ್ತೆರಡು ವರ್ಷ ನಾವು ಇದ್ದದ್ದು ಈ ಬಿಲ್ಡಿಂಗು ಏಳುವ ಮುಂಚೆ ಇದೇ ಜಾಗದಲ್ಲಿದ್ದ ಚಾಳಿನ ಒಂದು ಖೋಲಿಯಲ್ಲಿ. ಹತ್ತಕ್ಕೆ ಹನ್ನೆರಡು ಅಡಿ. ನನ್ನ ಅಪ್ಪ, ಅವ್ವ, ತಮ್ಮ, ನಾವಿಬ್ಬರು, ಕೂಸು. ಒಂದು ಮೂಲೆಯಲ್ಲಿ ಮೋರಿ, ಅಂದರೆ ಗೇಣೆತ್ತರದ ಕಟ್ಟೆಯ ಬಚ್ಚಲು, ಅದಕ್ಕೊಂದು ಪರದೆ. ಹೆಂಗಸರು ಸ್ನಾನಕ್ಕೆ ಕೂತರೆಂದರೆ ಗಂಡಸರೆಲ್ಲ ಹೊರಗಿನ ಗ್ಯಾಲರಿಯಲ್ಲಿ ನಿಂತು ಪೇಪರು ಓದಬೇಕು. ಒಂದೇ ಪೇಪರು, ಮೂರು ಗಂಡಸರು. ಅಪ್ಪನಿಗೆ ಮೊದಲ ಪುಟ, ತಮ್ಮನಿಗೆ ಕ್ರಿಕೆಟ್ಟು, ನನಗೆ ಉಳಿದದ್ದು. ಹೊಸದಾಗಿ ಮದುವೆಯಾದ ನಾವಿಬ್ಬರು ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂಡಬೇಕಾಗಿತ್ತು. ನಮ್ಮ ಮೊದಲ ಜಗಳ ನಡೆದದ್ದೂ ಅಲ್ಲೇ. ಲೋಕಲ್ಲು ಬಂದಾಗೆಲ್ಲ ಇಬ್ಬರೂ ಸುಮ್ಮನಾಗಿ, ಹೋದ ಮೇಲೆ ಬಿಟ್ಟ ಜಾಗದಿಂದ ಮುಂದುವರಿಸುತ್ತಿದ್ದೆವು. ಅಂಥ ಸಂಸಾರದಲ್ಲಿ ಇವಳಿಗೆ ಯಾರೂ ಬಾರದ ಜಾಗ ಎಲ್ಲಿಂದ ಬಂತು?

ಹಾಗೆ ನೋಡಿದರೆ ಅಂಥದೊಂದು ಜಾಗ ನನಗೂ ಇತ್ತು, ಊರಿನಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ. ನಮ್ಮ ಹೊಲದ ಜೋಳ ಎದೆಮಟ್ಟ ಬೆಳೆದಾಗ ನಟ್ಟನಡುವೆ ಒಂದು ಬಂಡೆಯ ಸುತ್ತ ಬೆಳೆ ಇಲ್ಲದ ಚೂರು ನೆಲ ಉಳಿದಿತ್ತು. ಕದ್ದ ಬೆಲ್ಲ ತಿನ್ನಲು ಅಲ್ಲಿ ಕೂಡುತ್ತಿದ್ದೆ. ಮೇಲೆ ಆಕಾಶ, ಸುತ್ತ ತೆನೆಯ ಸಪ್ಪಳ. ನಾಲ್ಕು ದಿನ ಸುಖವಾಗಿ ಕೂತೆ. ಐದನೆಯ ದಿನ ಬುದ್ಧಿ ಓಡಿತು. ಒಂದು ಗೋಲಿ ಕೊಟ್ಟರೆ ಜಾಗ ತೋರಿಸುತ್ತೇನೆ ಅಂತ ಗೆಳೆಯನಿಗೆ ಹೇಳಿದೆ. ವಾರದಲ್ಲಿ ನನ್ನ ಚಡ್ಡಿಯ ಎರಡೂ ಜೇಬು ಗೋಲಿಗಳಿಂದ ಜೋತುಬಿದ್ದವು, ಬಂಡೆಯ ಸುತ್ತ ಊರ ಹುಡುಗರೆಲ್ಲ ಕೂತಿದ್ದರು, ನನಗೆ ಕೂಡಲು ಜಾಗವಿರಲಿಲ್ಲ. ಬೆಳೆ ತುಳಿದದ್ದಕ್ಕೆ ಅಪ್ಪನಿಂದ ಬಿದ್ದ ಏಟು ಬೇರೆ. ನನ್ನ ಮೊದಲ ವ್ಯಾಪಾರ ಅದೇ.

ಇರಲಿ. ಹಳೆಯ ಜಾಗದ ಪತ್ತೆ ಹತ್ತಲಿಲ್ಲ. ಹೊಸ ಜಾಗ ಯಾವುದು ಅಂತ ಮಾತ್ರ ನನಗೆ ಆಗಲೇ ಹೊಳೆದುಬಿಟ್ಟಿತ್ತು: ಬೊರಿವಲಿಯ ಬಾಲ್ಕನಿ.

ಮಾದೇವಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಮಲ್ಲಣ್ಣ, ಬ್ಯಾಂಕಿನಲ್ಲಿದ್ದವರು. ಬೊರಿವಲಿಯಲ್ಲಿ ಗುಡ್ಡದ ಕಡೆ ಮುಖ ಮಾಡಿದ ಫ್ಲಾಟು ತೆಗೆದುಕೊಂಡರು. ಬಾಲ್ಕನಿಯಲ್ಲಿ ನಿಂತರೆ ಬರೀ ಕಾಡು ಕಾಣುತ್ತದೆಯಂತೆ, ಹಕ್ಕಿ ಕೂಗುತ್ತದೆಯಂತೆ. ಹತ್ತು ವರ್ಷದಿಂದ ಪ್ರತಿ ಹಬ್ಬಕ್ಕೂ ಅವರ ಬಾಯಿಂದ ಇದನ್ನು ಕೇಳಿ ಕೇಳಿ ನನಗೆ ಹೋಳಿಗೆ ಇಳಿಯುತ್ತಿರಲಿಲ್ಲ, ಹೋಗಿ ನೋಡಲು ಮಾತ್ರ ಹೊಟ್ಟೆಕಿಚ್ಚು ಬಿಟ್ಟಿರಲಿಲ್ಲ. ನಾನು ಪ್ರತಿ ರೂಪಾಯಿಗೂ ಗಂಟಲು ಹರಿದುಕೊಂಡು ಕಟ್ಟಿದ ಸಂಸಾರ. ಅವರದು ಕುರ್ಚಿಯಲ್ಲಿ ಕೂತು ಸಹಿ ಮಾಡಿ ಬಂದ ಬಾಲ್ಕನಿ. ಈಗ ನನ್ನ ಹೆಂಡತಿಯೂ ಮಧ್ಯಾಹ್ನದ ಖಾಲಿ ಲೋಕಲ್ಲು ಹತ್ತಿ ಅಲ್ಲಿ ಹೋಗಿ ಕೂಡುತ್ತಾಳೆ! ಮರುದಿನ ಅಂಗಡಿಗೆ ಹೋಗುವುದು ಬಿಟ್ಟು ಉಲ್ಟಾ ದಿಕ್ಕಿನ ಟ್ರೇನು ಹತ್ತಿದೆ.

“ಬಾರಪಾ ಈರಣ್ಣ, ಇದೇನು ಸೋಮವಾರ ದಿನಾ? ಅಂಗಡಿ ಮಾರಿದೇನು?” ಬಾಗಿಲು ತೆಗೆದು ಮಲ್ಲಣ್ಣ ಕೇಳಿದರು.

“ನಿಮ್ಮ ಬಾಲ್ಕನಿ ನೋಡೂಣು ಅಂತ ಬಂದ್ನಿ ಅಣ್ಣಾರ.”

“ನೋಡು. ಒಳಗ ಹೋಗಾಕ ಆದ್ರ ನೋಡು.”

ಒಳಗೆ ಕಾಲಿಡಲು ಜಾಗವಿರಲಿಲ್ಲ. ವಾಷಿಂಗ್ ಮಷಿನ್ನು, ಎರಡು ಗ್ಯಾಸ್ ಸಿಲಿಂಡರು, ಮೊಮ್ಮಗನ ಸೈಕಲ್ಲು, ಮೇಲೆ ಸಾಲಾಗಿ ಒಣಗಿದ ಮಲ್ಲಣ್ಣನವರ ಬನಿಯನ್ನು, ಪಾಟಾಪಟ್ಟಿ ಚಡ್ಡಿ. ಪಾರಿವಾಳ ಬಾರದಂತೆ ಇಡೀ ಬಾಲ್ಕನಿಗೆ ಜಾಳಿಗೆ. ಕಾಡು ಇತ್ತು, ಇಲ್ಲವೆನ್ನುವುದಿಲ್ಲ; ಚಡ್ಡಿಯ ಎರಡು ಕಾಲುಗಳ ನಡುವೆ ಅಷ್ಟೇ ಅಗಲಕ್ಕೆ ಕಾಣುತ್ತಿತ್ತು.

“ಮಾದೇವಿ ಬಂದಿದ್ಲೇನ್ರಿ ಈ ಕಡೆ?” ಅಂತ ಸಹಜವಾಗಿ ಕೇಳಿದೆ.

“ದೀಪಾವಳಿಗೆ ಬಂದಾಕಿ ಮತ್ತ ಈ ಕಡೆ ಹಾದಿಲ್ಲ. ಫೋನೂ ಮಾಡೂದಿಲ್ಲ ನಿನ್ನ ಹೇಣ್ತಿ, ಇಂಗ್ಲಿಷ್ ಕಲ್ತು ದೊಡ್ಡಾಕಿ ಆಗ್ಯಾಳ,” ಅಂತ ಅಡಿಗೆಮನೆಯಿಂದ ಅಕ್ಕನವರು ಕೂಗಿದರು.

ಚಹಾ ಕುಡಿದು ಎದ್ದೆ. ಹತ್ತು ವರ್ಷದ ಒಂದು ಹೊಟ್ಟೆಕಿಚ್ಚು ಹದಿನೈದು ನಿಮಿಷದಲ್ಲಿ ತಣ್ಣಗಾಯಿತು. ಆದರೆ ಹೊಸದು ಹಾಗೇ ಉರಿಯುತ್ತಿತ್ತು. ಸಂಜೆ ಮನೆಗೆ ಬಂದವನು ಇನ್ನು ತಡೆಯಲಾರದೆ ನೋಟುಬುಕ್ಕು ತಂದು ಅವಳೆದುರು ಇಟ್ಟೆ. ಬೊರಿವಲಿಗೆ ಹೋದದ್ದನ್ನೂ ಹೇಳಿಬಿಟ್ಟೆ.

ಮಾದೇವಿ ಅವರೆಕಾಯಿ ಸುಲಿಯುತ್ತಿದ್ದಳು. ಮೊದಲು ನೋಟುಬುಕ್ಕು ನೋಡಿದಳು, ಆಮೇಲೆ ನನ್ನನ್ನು. ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು ನೋಡಿ, ಕಾಳಿನ ಬುಟ್ಟಿ ಮಗುಚಿ ಬಿತ್ತು.

“ಆ ಬಾಲ್ಕನ್ಯಾಗ? ಮಲ್ಲಣ್ಣ ಮಾವಾರ ಚಡ್ಡಿ ಕೆಳಗ? ಯಪ್ಪಾ, ನಿಮ್ಮ ತಲಿ!”

“ನಗಬ್ಯಾಡ. ಮದ್ಲಿಂದು ಎಲ್ಲಿತ್ತು ಹೇಳು.”

“ಮಾಳಾದಾಗ.”

ಮಾಳಾ ಅಂದರೆ ಚಾಳಿನ ಖೋಲಿಯೊಳಗೆ ಅರ್ಧ ಮೇಲ್ಭಾಗಕ್ಕೆ ಹಲಗೆ ಹಾಕಿದ ಅಟ್ಟ. ಮೂರಡಿ ಎತ್ತರ, ತಲೆ ಬಗ್ಗಿಸಿಯೇ ಕೂಡಬೇಕು. ಹಬ್ಬದ ಪಾತ್ರೆ, ಚಳಿಗಾಲದ ಕೌದಿ, ಮುರಿದ ಕೊಡೆ, ಎಲ್ಲ ಅಲ್ಲಿ. ಏರಲು ಒಂದು ಮರದ ನಿಚ್ಚಣಿಕೆ. ಗೋಡೆಯಲ್ಲಿ ತಟ್ಟೆಯಷ್ಟು ಗವಾಕ್ಷಿ, ರೈಲ್ವೆ ಲೈನಿನ ಕಡೆಗೆ.

“ಅಲ್ಲಿ ಯಾವಾಗ ಹೋಗ್ತಿದ್ದಿ?”

“ಜರಡಿ ತರಾಕ ಹೋಗ್ತಿದ್ನೆಲ್ಲ.”

ನನಗೆ ಆಗ ನೆನಪಾಯಿತು. ವಾರಕ್ಕೊಮ್ಮೆ ಜೋಳದ ಹಿಟ್ಟು ಬೀಸಿಕೊಂಡು ಬಂದ ದಿನ ಜರಡಿ ತರುತ್ತೇನೆಂದು ಮೇಲೆ ಹೋಗುತ್ತಿದ್ದಳು. ಅರ್ಧ ಗಂಟೆಯಾದರೂ ಇಳಿಯುತ್ತಿರಲಿಲ್ಲ. ಕೆಳಗೆ ನಾನು ಕೂಗುತ್ತಿದ್ದೆ. ಅವ್ವ ಕೂಗುತ್ತಿದ್ದಳು. ಇಷ್ಟು ಸಣ್ಣ ಮಾಳಾದಲ್ಲಿ ಇಷ್ಟು ದೊಡ್ಡ ಜರಡಿ ಕಾಣದ ಸೊಸೆಯನ್ನು ಎಲ್ಲಿಂದ ಹುಡುಕಿ ತಂದೆವು ಅಂತ ಅಪ್ಪ ಗ್ಯಾಲರಿಯವರಿಗೆಲ್ಲ ಹೇಳಿ ನಗುತ್ತಿದ್ದ. ನಾನಂತೂ ಅವಳ ಅಕ್ಕನಿಗೂ ಹೇಳಿದ್ದೆ, ನಿಮ್ಮ ತಂಗಿಗೆ ಕಣ್ಣು ಸರಿಯಿಲ್ಲ ಅಂತ.

“ಇಪ್ಪತ್ತೆರಡ ವರ್ಷ ನಿನಗ ಜರಡಿ ಸಿಗಲಿಲ್ಲ ಅಂದ್ರ…”

“ಜರಡಿ ಗ್ವಾಡಿಗೆ ಮೊಳಿಗೇ ಇರ್ತಿತ್ರಿ. ಮದ್ಲನೇ ದಿನಾನ ಸಿಕ್ಕಿತ್ತು.”

“ಮತ್ತ ಏನ್ ಮಾಡ್ತಿದ್ದಿ ಮ್ಯಾಲ?”

“ಏನೂ ಮಾಡ್ತಿರ್ಲಿಲ್ಲ. ಕೆಳಗ ಬರೀ ಮಾಡೂದs ಇತ್ತಲ್ಲ.”

ಕಾಳು ಬುಟ್ಟಿಗೆ ತುಂಬುತ್ತ ಕೂತಳು. ನಾನು ತಲೆಯೆತ್ತಿ ಸೀಲಿಂಗು ನೋಡಿದೆ. ಯಾಕೆಂದರೆ ಚಾಳು ಕೆಡವಿ ಈ ಬಿಲ್ಡಿಂಗು ಕಟ್ಟುವಾಗ ಪ್ರತಿ ಫ್ಲಾಟಿಗೂ ಅಡಿಗೆಮನೆಯ ಮೇಲೆ ಒಂದು ಮಾಳಾ ಕೊಡುತ್ತೇವೆ ಅಂತ ಗುತ್ತಿಗೆದಾರ ಹೇಳಿದ್ದ. ಮಾಳಾ ಬೇಡ, ಅದರ ಬದಲು ಹಾಲ್‌ನಲ್ಲಿ ಡಿಸೈನಿನ ಸೀಲಿಂಗು, ಅದರೊಳಗೆ ಆರು ಲೈಟು ಹಾಕಿಕೊಡು ಅಂತ ಮಾತಾಡಿ ಗೆದ್ದವನು ನಾನು. ಇಡೀ ಬಿಲ್ಡಿಂಗಿನಲ್ಲಿ ಆರು ಲೈಟು ನಮ್ಮಲ್ಲಿ ಮಾತ್ರ. ಯಾರು ಮನೆಗೆ ಬಂದರೂ ಮೊದಲು ಸ್ವಿಚ್ಚು ಹಾಕಿ ತೋರಿಸುತ್ತೇನೆ. ಆ ಸೌದಾ ನಡೆಯುವಾಗ ಮಾದೇವಿ ನನ್ನ ಪಕ್ಕದಲ್ಲೇ ನಿಂತಿದ್ದಳು.

“ಆವಾಗ ಯಾಕ ಬಾಯಿ ಬಿಡಲಿಲ್ಲ ನೀನು?”

“ಏನಂತ ಹೇಳ್ಲಿ? ಜರಡಿ ಇಡಾಕ ಬೇಕು ಅಂತಿದ್ದೆ, ನೀವು ಮೊಳಿ ಹೊಡದು ಕೊಡ್ತಿದ್ರಿ.”

ಹೊಡೆದುಕೊಡುತ್ತಿದ್ದೆ. ಖರೆ.

ಇನ್ನು ಹೊಸದರ ಮಾತು. ಮಾಲಿನ ಮೇಲೆ ಆಸೆ ಇದೆ ಅಂತ ಎದುರಿನವರಿಗೆ ಗೊತ್ತಾಗಬಾರದು, ಇದು ವ್ಯಾಪಾರದ ಮೊದಲ ಪಾಠ. ನಾನು ಅದನ್ನೇ ಮರೆತು, ಹೊಸ ಜಾಗ ಎಲ್ಲಿದೆ ಹೇಳು, ಏನೂ ಅನ್ನುವುದಿಲ್ಲ ಅಂತ ಗೋಗರೆದೆ.

“ಏನ್ ಕೊಡ್ತೀರಿ?” ಅಂದಳು. ನನ್ನ ಜೊತೆ ಇದ್ದು ಇದ್ದು ಕಲಿತದ್ದು.

ಇಳಕಲ್ ಸೀರೆ ಅಂದೆ. ಕಾಳು ಸುಲಿದಳು. ಶುದ್ಧ ರೇಷ್ಮೆ ಸೆರಗಿನದು ಅಂದೆ. ಸುಲಿದಳು. ಹದಿನೈದು ದಿನ ತವರಿಗೆ ಕಳಿಸುತ್ತೇನೆ, ಫೋನು ಮಾಡಿ ಯಾವಾಗ ಬರುತ್ತಿ ಅಂತ ಕೇಳುವುದಿಲ್ಲ ಅಂದೆ. ಇದಕ್ಕೆ ಸ್ವಲ್ಪ ಕೈ ನಿಂತಿತು, ಮತ್ತೆ ಸುಲಿಯಿತು. ಮೇಸ್ತ್ರಿಯನ್ನು ಕರೆಸಿ ಸೀಲಿಂಗು ಒಡೆಸಿ ಮಾಳಾ ಹಾಕಿಸುತ್ತೇನೆ, ಆರೂ ಲೈಟು ಹೋಗಲಿ ಅಂದೆ.

“ನೀವು ಹಾಕಿಸಿದ ಮಾಳಾಕ್ಕ ನೀವs ಮೊದಲ ಏರ್ತೀರಿ, ಗಟ್ಟಿ ಐತೇನು ನೋಡಾಕ,” ಅಂದಳು. “ಬ್ಯಾಡ್ರಿ. ಲೈಟು ಚೆಂದ ಅದಾವ.”

ಮುಂಬೈಗೆ ಬಂದು ಇಷ್ಟು ವರ್ಷವಾಯಿತು, ಸೌದಾ ಪೂರ್ತಿ ಮುರಿದುಬಿದ್ದದ್ದು ಅದೊಂದೇ.

ಹೋಗಲಿ, ನನಗೂ ಒಂದು ಬೇಕು ಅಂತ ಹಟ ಹುಟ್ಟಿತು. ಅವಳಿಗೆ ಎರಡು, ನನಗೆ ಒಂದೂ ಇಲ್ಲವೆ? ಅಂಗಡಿಯ ಹಿಂದೆ ಝಿಪ್ಪಿನ ರೋಲು ಇಡುವ ಒಂದು ಅಟ್ಟವಿದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಏರಿ ಕೂತೆ. ಏನೂ ಮಾಡಬಾರದು ಅಂತ ನಿಶ್ಚಯಿಸಿದ್ದೆ. ಒಂದು ನಿಮಿಷ ಏನೂ ಮಾಡಲಿಲ್ಲ. ಎರಡನೆಯ ನಿಮಿಷದಲ್ಲಿ ನೀಲಿ ರೋಲುಗಳ ನಡುವೆ ಒಂದು ಕರಿ ರೋಲು ಸೇರಿದ್ದು ಕಂಡಿತು, ತೆಗೆದು ಬೇರೆ ಇಟ್ಟೆ. ಅದರ ಹಿಂದೆ ಹಿತ್ತಾಳೆ ಬಕ್ಕಲ್ಲಿನ ಡಬ್ಬಿ, ಮುಚ್ಚಳ ಸಡಿಲ. ಅರ್ಧ ಗಂಟೆಯಲ್ಲಿ ಇಡೀ ಅಟ್ಟ ಚೊಕ್ಕವಾಯಿತು. ಬೆವರೊರೆಸುತ್ತ ಇಳಿದೆ. ಪಕ್ಕದ ಚರ್ಮದ ವ್ಯಾಪಾರಿ ಅನ್ಸಾರಿ ಭಾಯಿ, “ಕ್ಯಾ ಈರಣ್ಣಾ, ಈದ್ ಕೀ ಸಫಾಯಿ ತುಮ್ ಕರ್ ರಹೇ ಹೋ?” ಅಂತ, ತಮ್ಮ ಹಬ್ಬದ ಚೊಕ್ಕಟ ನಾನು ಮಾಡುತ್ತಿದ್ದೇನೇನೋ ಎಂಬಂತೆ, ಕೇಳಿ ನಕ್ಕರು. ಅಂಥ ಜಾಗ ಸಿಕ್ಕರೂ ಕೂಡಲು ಬರಬೇಕಲ್ಲ! ಆ ವಿದ್ಯೆ ನನ್ನ ಹೆಂಡತಿಗೆ ಏಳನೇ ಇಯತ್ತೆಯಲ್ಲೇ ಬಂದಿದೆ, ನನಗೆ ಬಂದಿಲ್ಲ. ನಿಜವಾದ ಹೊಟ್ಟೆಕಿಚ್ಚು ನನಗೆ ಆದದ್ದು ಆಗಲೇ.

ಮೊನ್ನೆ ಶುಕ್ರವಾರ ಬೇಗ ಮನೆಗೆ ಬಂದಿದ್ದೆ. ಸಂಜೆ ಆರರ ಸುಮಾರು. ಮಾದೇವಿ ಸಾರಿಗೆ ಇಟ್ಟು, “ಕರಿಬೇವು ಇಲ್ಲ, ಕೆಳಗ ಹೋಗಿ ತರ್ತೀನ್ರಿ,” ಅಂತ ಚಪ್ಪಲಿ ಹಾಕಿಕೊಂಡಳು. ಅವಳು ಹೋದ ಮೇಲೆ ನೋಡಿದರೆ ದುಡ್ಡಿನ ಪರ್ಸು ಫ್ರಿಜ್ಜಿನ ಮೇಲೇ ಇತ್ತು. ಕೊಡೋಣವೆಂದು ಹಿಂದೆಯೇ ಹೊರಗೆ ಬಂದೆ. ಲಿಫ್ಟಿನ ಬಾಗಿಲು ಮುಚ್ಚಿತ್ತು. ನಮ್ಮದು ಆರನೆಯ ಮಹಡಿ, ಬಿಲ್ಡಿಂಗಿಗೆ ಒಟ್ಟು ಹದಿನಾಲ್ಕು. ತರಕಾರಿಯವನು ಕೂಡುವುದು ಗೇಟಿನ ಹತ್ತಿರ. ಬಾಗಿಲ ಮೇಲಿನ ಕೆಂಪು ಅಂಕಿ ಏಳು ಆಯಿತು. ಎಂಟು ಆಯಿತು. ಒಂಬತ್ತು.

ಲಿಫ್ಟು ಮೇಲೆ ಹೋಗುತ್ತಿತ್ತು.

ನೋಡಿ, ನಾನು ಎಂಥವನು ಅಂತ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿದೆ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ರೆಪ್ಪೆ ಬಡಿಯದವನು. ಅಂಕಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ಸಾಕಾಗಿತ್ತು, ಮಹಡಿ ಸಿಗುತ್ತಿತ್ತು; ಮಹಡಿ ಸಿಕ್ಕರೆ ಮೂಲೆ ಹುಡುಕಲು ನನಗೆ ಎಷ್ಟು ಹೊತ್ತು? ಹತ್ತು ಅಂತ ಬಂತು. ಹನ್ನೊಂದು. ಜೋಳದ ಹೊಲದ ಬಂಡೆಯ ಸುತ್ತ ಕೂತ ಹುಡುಗರು ಯಾಕೋ ಕಣ್ಣಮುಂದೆ ಬಂದರು. ನಾನು ತಿರುಗಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ಗೋಡೆಯ ಮೇಲೆ ನೀರಿನ ಹೊತ್ತು ಬದಲಾದ ಬಗ್ಗೆ ಸೊಸೈಟಿಯವರ ನೋಟೀಸು ಇತ್ತು, ಇಂಗ್ಲಿಷಿನಲ್ಲಿ. ಅದನ್ನು ಬೆರಳಿಟ್ಟು ಪೂರ್ತಿ ಓದಿದೆ. ಆಮೇಲೆ ಒಳಗೆ ಬಂದು ಪರ್ಸನ್ನು ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಇಟ್ಟೆ.

ಮುಕ್ಕಾಲು ಗಂಟೆಯ ಮೇಲೆ ಬಂದಳು. ಮುಖಕ್ಕೆ ಗಾಳಿ ಬಡಿದು ಕೂದಲು ಚೆದರಿತ್ತು. ಕೈಯಲ್ಲಿ ಕರಿಬೇವಿನ ಎರಡು ಎಸಳು. ಮಾಲು ನೋಡಿದ ಕೂಡಲೇ ನನಗೆ ತಿಳಿಯಿತು, ಅದು ಬೆಳಗ್ಗೆ ಕೊಂಡದ್ದು. ಎಲೆ ಬಾಡಿ, ಅಂಚು ಮುರುಟಿತ್ತು. ದಿನವಿಡೀ ಎಲ್ಲೋ ಮುಚ್ಚಿಟ್ಟಿದ್ದಾಳೆ, ಸಂಜೆಗೆ ಬೇಕಾಗುತ್ತದೆ ಅಂತ.

“ಭಾಳ ಗದ್ದಲ ಇತ್ರಿ ಅಲ್ಲಿ,” ಅಂದಳು, ನನ್ನ ಮುಖ ನೋಡದೆ.

ಕರಿಬೇವನ್ನು ಅವಳ ಕೈಯಿಂದ ತೆಗೆದುಕೊಂಡು ಮೂಸಿ ನೋಡಿದೆ.

“ಚಲೋ ತಾಜಾ ಅದಾವ,” ಅಂದೆ. ಬಾಡಿದ ಮಾಲನ್ನು ತಾಜಾ ಅಂತ ಹೊಗಳಿದ್ದು ಜನ್ಮದಲ್ಲಿ ಮೊದಲ ಸಲ, ಅದೂ ಕೊಳ್ಳುವವನ ಬಾಯಿಂದ.

ಈಗ ನಿಮಗೆ ನನ್ನ ಸಲಹೆ, ಪುಕ್ಕಟೆ. ಮನೆ ಕಟ್ಟಿಸುವವರು, ಕೊಳ್ಳುವವರು, ಮಾಳಾ ಕೊಡುತ್ತೇವೆ ಅಂದರೆ ಬಿಡಬೇಡಿ, ಲೈಟು ಎಷ್ಟೇ ಹೆಚ್ಚು ಹಾಕಿಕೊಡಲಿ. ಹೆಂಡತಿಯ ನೋಟುಬುಕ್ಕು ಸೋಫಾದ ಸಂದಿಯಲ್ಲಿ ಸಿಕ್ಕರೆ ರಿಮೋಟನ್ನಷ್ಟೇ ತೆಗೆದುಕೊಳ್ಳಿ. ಷಡ್ಡಕನ ಬಾಲ್ಕನಿಯ ಮೇಲೆ ಹೊಟ್ಟೆಕಿಚ್ಚು ಇದ್ದರೆ ಹಬ್ಬದ ದಿನ ಬಿಟ್ಟು ಬೇರೆ ದಿನ ಹೋಗಿ ನೋಡಿ ಬನ್ನಿ. ಮತ್ತೆ ಮನೆಯವರು ಯಾರಾದರೂ ಕರಿಬೇವು ತರಲು ಹೋಗಿ ತಡಮಾಡಿದರೆ ಫೋನು ಮಾಡಬೇಡಿ, ಬಾಗಿಲಿಗೆ ಬಂದು ಇಣುಕಬೇಡಿ. ಒಲೆ ಸಣ್ಣಗೆ ಮಾಡಿ. ಸಾರು ತಳ ಹಿಡಿಯದಂತೆ ಆಗಾಗ ಸೌಟು ಆಡಿಸುತ್ತಿರಿ.